ಮುದ್ದೆ ಸಪ್ಪೆ, ಸಾರು ಉಪ್ಪು

ಸತ್ಯಮಂಗಲದ ಬಯಲಿನಿಂದ ಹೊರಟು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ, ಹಾಸನೂರನ್ನು ಹಿಂದೆ ಬಿಟ್ಟು ತಾಳವಾಡಿಯ ಕಡೆಗೆ ಹೊರಳಿದವನಿಗೆ, ತಾನಿನ್ನೂ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿಯೇ ಇದ್ದೇನೆಂಬುದು ಬಸ್ಸಿನ ಹಲಗೆಯನ್ನು ನೋಡಿದಾಗ ಮಾತ್ರ ನೆನಪಿಗೆ ಬರುತ್ತದೆ. ಕಿವಿಗೆ ಬೀಳುವ ಮಾತು ಚಾಮರಾಜನಗರದ ಕನ್ನಡ. ಕಣ್ಣಿಗೆ ಬೀಳುವ ಹೊಲ ರಾಗಿಯದು, ಅವರೆಯದು, ಈಚಿನ ವರ್ಷಗಳಲ್ಲಿ ಎಲೆಕೋಸಿನದು. 1956ರಲ್ಲಿ ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆದಾಗ ಈ ಬೆಟ್ಟದ ಸೀಮೆ ಗೆರೆಯ ಅತ್ತ ಕಡೆಯೇ ಉಳಿಯಿತು. ಊಟ ಮಾತ್ರ ಇತ್ತಕಡೆಯದಾಗಿಯೇ ಉಳಿಯಿತು.

ಜೀರಹಳ್ಳಿ ಈ ಸೀಮೆಯ ಒಂದು ಅಂಚು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಈ ಹೆಸರು ಊರಿಗೆ ಎಷ್ಟು ಸಲ್ಲುತ್ತದೆಯೋ ಅರಣ್ಯ ವಲಯಕ್ಕೂ ಅಷ್ಟೇ ಸಲ್ಲುತ್ತದೆ. ಇಲ್ಲಿಯ ರೈತರು ಆನೆಯ ವಿಷಯವನ್ನು ಮಳೆಯ ವಿಷಯದಂತೆ ಮಾತನಾಡುತ್ತಾರೆ: ಬಂತೆ, ಬರಲಿಲ್ಲವೆ, ಎಷ್ಟು ಹಾಳುಮಾಡಿತು. ಆನೆ ರಾಗಿಗೆ ಬರುತ್ತದೆ, ಬಾಳೆಗೆ ಬರುತ್ತದೆ, ಕಬ್ಬಿಗೆ ಬರುತ್ತದೆ. ಆದರೆ ಕಾಡಿನೊಳಗೆ ಅದೇ ಆನೆ, ತಿನ್ನಲು ಏನೂ ಇಲ್ಲದ ಚೌಳು ನೆಲಕ್ಕೆ ನಡೆದುಹೋಗಿ, ದಂತದಿಂದ ಮಣ್ಣನ್ನು ಕೆದಕಿ, ಸೊಂಡಿಲಿನಿಂದ ಅದನ್ನು ಬಾಯಿಗಿಟ್ಟುಕೊಳ್ಳುವುದುಂಟು. ಜಿಂಕೆ, ಕಾಟಿಗಳೂ ಇಂತಹ ಮಣ್ಣನ್ನು ಅರಸಿ ಬರುತ್ತವೆ. ಕಾರಣ ಸರಳವಾದುದು. ಸೊಪ್ಪುಸದೆಗಳಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದು ಸೋಡಿಯಂ ಅತ್ಯಲ್ಪವಾಗಿರುವುದರಿಂದ, ಸಸ್ಯಾಹಾರಿಯಾದ ಪ್ರಾಣಿ ಸೋಡಿಯಮ್ಮಿಗಾಗಿ ಬೇರೆಡೆ ಅಲೆಯಲೇಬೇಕು. ಹುಲಿಗೆ ಈ ಕಷ್ಟವಿಲ್ಲ. ಅದಕ್ಕೆ ಬೇಕಾದ ಉಪ್ಪು ಜಿಂಕೆಯ ರಕ್ತದಲ್ಲಿಯೇ ಇದೆ. ಗುಸ್ತಾಫ್ ಫಾನ್ ಬುಂಗೆ ಎಂಬ ಶರೀರಶಾಸ್ತ್ರಜ್ಞನು 1870ರ ದಶಕದಲ್ಲಿ ಈ ಭೇದವನ್ನು ಗಮನಿಸಿ, ಧಾನ್ಯ ಮತ್ತು ಸೊಪ್ಪನ್ನು ಉಣ್ಣುವ ಜನರಿಗೆ ಉಪ್ಪಿನ ಹಂಬಲ ಏಕೆ ಹೆಚ್ಚೆಂಬುದನ್ನು ಇದರಿಂದಲೇ ವಿವರಿಸಲು ಯತ್ನಿಸಿದನು.

ಮನುಷ್ಯನು ಉಪ್ಪಿನ ನೆಲಕ್ಕೆ ನಡೆಯಲಿಲ್ಲ, ಉಪ್ಪನ್ನೇ ತನ್ನ ಮನೆಗೆ ಹೊತ್ತು ತಂದನು. ತೂತ್ತುಕುಡಿಯ ಗದ್ದೆಗಳಲ್ಲಿ ಬಿಸಿಲಿಗೆ ಹರಳುಗಟ್ಟಿದ ಸಮುದ್ರ ಲಾರಿಯನ್ನೇರಿ, ಘಾಟಿಯನ್ನು ಹತ್ತಿ, ಜೀರಹಳ್ಳಿಯ ಒಲೆಯ ಪಕ್ಕದ ಮಡಕೆಯನ್ನು ಸೇರುತ್ತದೆ. ಆನೆಗೆ ಮೈಲಿಗಟ್ಟಲೆ ನಡೆದರೆ ದೊರೆಯುವುದು ನಮ್ಮ ಮಕ್ಕಳಿಗೆ ಕೈಚಾಚಿದರೆ ದೊರೆಯುತ್ತದೆ. ಅಷ್ಟೇ ಅಲ್ಲ, ಕೈಚಾಚದಿದ್ದರೂ ದೊರೆಯುತ್ತದೆ. ಈ ಲೇಖನದ ವಿಷಯ ಎರಡನೆಯದು.

ಉಪ್ಪಿನ ತೂಕದಲ್ಲಿ ಐದರಲ್ಲಿ ಎರಡು ಪಾಲು ಸೋಡಿಯಂ, ಉಳಿದದ್ದು ಕ್ಲೋರಿನ್. ನರದ ಸಂದೇಶ ಹರಿಯುವುದಕ್ಕೆ, ಸ್ನಾಯು ಮಿಡಿಯುವುದಕ್ಕೆ, ರಕ್ತದ ನೀರು ರಕ್ತದಲ್ಲಿಯೇ ನಿಲ್ಲುವುದಕ್ಕೆ ಸೋಡಿಯಂ ಬೇಕೇ ಬೇಕು. ವಾಂತಿಭೇದಿಯಿಂದ ಬಳಲಿದ ಮಗುವಿಗೆ ಕೊಡುವ ಓಆರ್‌ಎಸ್ ದ್ರಾವಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿದೆ, ಮತ್ತು ಆ ಎರಡೂವರೆ ಗ್ರಾಂ ಎಷ್ಟೋ ಲಕ್ಷ ಮಕ್ಕಳ ಪ್ರಾಣವನ್ನು ಹಿಡಿದು ನಿಲ್ಲಿಸಿದೆ. ಆದುದರಿಂದ ಉಪ್ಪನ್ನು ವಿಷವೆಂದು ಜರೆಯುವ ಈಚಿನ ಸಡಗರ ನನಗೆ ಒಪ್ಪಿಗೆಯಿಲ್ಲ. ಪ್ರಶ್ನೆ ಪ್ರಮಾಣದ್ದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ, ಎಂದರೆ 2,000 ಮಿಲಿಗ್ರಾಂ ಸೋಡಿಯಮ್ಮಿಗಿಂತ ಕಡಿಮೆ ಸಾಕೆಂದು ಹೇಳಿದೆ. ಮಕ್ಕಳಿಗೆ, ಅವರು ಉಣ್ಣುವ ಆಹಾರದ ಶಕ್ತಿಗೆ ಅನುಗುಣವಾಗಿ, ಈ ಮಿತಿಯನ್ನು ಇನ್ನೂ ಇಳಿಸಬೇಕೆಂದು ಹೇಳಿದೆ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 1,360 ಕಿಲೊಕ್ಯಾಲೊರಿ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ವಯಸ್ಕನ 2,000 ಕಿಲೊಕ್ಯಾಲೊರಿಗೆ 2,000 ಮಿಲಿಗ್ರಾಂ ಎಂದು ಹಿಡಿದರೆ ಆ ಮಗುವಿನ ಮಿತಿ ಸುಮಾರು 1,360 ಮಿಲಿಗ್ರಾಂ ಸೋಡಿಯಂ. ಉಪ್ಪಿನ ಲೆಕ್ಕದಲ್ಲಿ ಮೂರೂವರೆ ಗ್ರಾಂ, ಒಂದು ಸಣ್ಣ ಚಮಚಕ್ಕೂ ಕಡಿಮೆ.

ಈಗ ಒಲೆಯ ಬಳಿಗೆ ಬರೋಣ. ಜೀರಹಳ್ಳಿಯಲ್ಲಿ ನಾನು ದೊಡ್ಡವ್ವ ಎಂದು ಕರೆಯುವ ಬಂಧುವೊಬ್ಬರ ಮನೆಯಿದೆ; ಮಗ, ಸೊಸೆ, ಮೂರನೆಯ ತರಗತಿಯ ಮೊಮ್ಮಗಳು, ಐದು ವರ್ಷದ ಮೊಮ್ಮಗ. ನಾನು ಹೋದ ರಾತ್ರಿ ಅಲ್ಲಿ ಉಪ್ಸಾರು. ಈ ಸೀಮೆಯ ಊಟದ ಅರಸು ಇದೇ. ಹೆಸರಿನಲ್ಲಿಯೇ ಉಪ್ಪನ್ನು ಹೊತ್ತ ಸಾರು ಬೇರೆ ಯಾವ ಸೀಮೆಯಲ್ಲಿ ಇದೆಯೋ ಕಾಣೆ. ಅವರೆಕಾಳನ್ನೋ ಹುರುಳಿಯನ್ನೋ ಸೊಪ್ಪಿನೊಡನೆ ಬೇಯಿಸಿ, ಉಪ್ಪು ಹಾಕಿ, ಕಟ್ಟನ್ನು ಬಸಿದು, ಒಣಮೆಣಸಿನಕಾಯಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಿಸೆಹಣ್ಣು ಸೇರಿಸಿ ಅರೆದ ಖಾರವನ್ನು ಪಕ್ಕದಲ್ಲಿಟ್ಟು, ಬಿಸಿ ಮುದ್ದೆಯೊಡನೆ ಬಡಿಸುತ್ತಾರೆ. ದೊಡ್ಡವ್ವ ಕಲ್ಲುಪ್ಪನ್ನು ಅಂಗೈಯಲ್ಲಿ ತೂಗಿ ಹಾಕಿದರು, ಸೌಟಿನ ತುದಿಯಿಂದ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು, ಮತ್ತೆ ನಾಲ್ಕು ಹರಳು ಹಾಕಿದರು. ಮುದ್ದೆಗೆ ಮಾತ್ರ ಉಪ್ಪು ಹಾಕಲಿಲ್ಲ. ಏಕೆಂದು ಕೇಳಿದರೆ, "ಸಾರಲ್ಲಿ ಐತಲ್ಲ ಮಗ, ಮುದ್ದೆಗ್ಯಾಕೆ?" ಎಂದರು.

ಈ ಒಂದು ಮಾತಿನಲ್ಲಿ ಒಂದು ಆಹಾರ ಪದ್ಧತಿಯ ವಿವೇಕವೆಲ್ಲ ಅಡಗಿದೆಯೆಂದು ನನಗೆ ಆಮೇಲೆ ಹೊಳೆಯಿತು. ನೂರು ಗ್ರಾಂ ರಾಗಿಯಲ್ಲಿ ಸೋಡಿಯಂ ಇರುವುದು ಕೆಲವೇ ಮಿಲಿಗ್ರಾಂ. ಹೊಟ್ಟೆಯನ್ನು ತುಂಬುವ ವಸ್ತು ಸಪ್ಪೆಯಾಗಿಯೂ, ಅದನ್ನು ಗಂಟಲಿನಿಂದ ಇಳಿಸುವ ವಸ್ತು ಉಪ್ಪಾಗಿಯೂ ಇದ್ದಾಗ, ಹಸಿದ ಮಗು ಇನ್ನೊಂದು ತುಂಡು ಮುದ್ದೆಯನ್ನು ಮುರಿದುಕೊಂಡರೆ ಹೆಚ್ಚುವುದು ರಾಗಿಯೇ ಹೊರತು ಉಪ್ಪು ಅಷ್ಟಾಗಿ ಹೆಚ್ಚುವುದಿಲ್ಲ. ಅನ್ನವೂ ಹೀಗೆಯೇ, ದಕ್ಷಿಣದ ಅನ್ನಕ್ಕೆ ನಾವು ಉಪ್ಪು ಹಾಕಿ ಬೇಯಿಸುವುದಿಲ್ಲ. ಆದರೆ ಉಪ್ಪಿಟ್ಟು, ಚಿತ್ರಾನ್ನ, ಪುಳಿಯೋಗರೆ, ಬ್ರೆಡ್ಡು, ನೂಡಲ್ಸ್ ಇವುಗಳಲ್ಲಿ ಉಪ್ಪು ಹೊಟ್ಟೆ ತುಂಬುವ ವಸ್ತುವಿನೊಳಗೆಯೇ ಬೆರೆತುಹೋಗಿದೆ. ಅಲ್ಲಿ ಮಗುವಿನ ಹಸಿವು ಎಷ್ಟೋ ಉಪ್ಪು ಅಷ್ಟು. ಬೆಳೆಯುವ ಮಗುವಿಗೆ ಹಸಿವು ಹೆಚ್ಚೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ನನ್ನ ಊಹೆ ಮಾತ್ರವಲ್ಲ ಎಂಬುದಕ್ಕೆ ಬಹು ದೂರದ ಒಂದು ಸಾಕ್ಷ್ಯವಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2014ರಲ್ಲಿ ತನ್ನ ದೇಶದ ಶಾಲಾ ಮಕ್ಕಳ ಆಹಾರವನ್ನು ಜಾಲಾಡಿ ನೋಡಿತು. ಅಲ್ಲಿಯ ಮಗು ದಿನವೊಂದಕ್ಕೆ ಸರಾಸರಿ ಸುಮಾರು 3,280 ಮಿಲಿಗ್ರಾಂ ಸೋಡಿಯಮ್ಮನ್ನು ತಿನ್ನುತ್ತಿತ್ತು, ಅದೂ ತಟ್ಟೆಯ ಮೇಲೆ ಉದುರಿಸಿಕೊಳ್ಳುವ ಉಪ್ಪನ್ನು ಲೆಕ್ಕಕ್ಕೆ ಹಿಡಿಯದೆ. ಅದರಲ್ಲಿ ನೂರಕ್ಕೆ 43 ಪಾಲು ಕೇವಲ ಹತ್ತು ಬಗೆಯ ತಿನಿಸುಗಳಿಂದ ಬರುತ್ತಿತ್ತು. ಮೊದಲನೆಯದು ಪಿಜ್ಜಾ, ಎರಡನೆಯದು, ಉಪ್ಪಿನ ಸುಳಿವೂ ನಾಲಗೆಗೆ ಹತ್ತದ ಬ್ರೆಡ್ಡು, ಕುರುಕಲು ತಿಂಡಿಗಳು ಅವುಗಳ ಹಿಂದೆ. ಬ್ರೆಡ್ಡು ಆ ಸ್ಥಾನಕ್ಕೆ ಏರಿದ್ದು ಉಪ್ಪಾಗಿರುವುದರಿಂದಲ್ಲ, ದಿನವೂ ಹೊತ್ತು ಹೊತ್ತಿಗೂ ತಿನ್ನುವುದರಿಂದ.

ನಮ್ಮ ಬೆಟ್ಟದ ಮಕ್ಕಳಿಗೆ ಪಿಜ್ಜಾ ಇಲ್ಲ. ನಮ್ಮ ದೇಶದಲ್ಲಿ ಉಪ್ಪಿನ ಮಾರ್ಗವೇ ಬೇರೆ: ಆಂಧ್ರದಲ್ಲಿಯೂ ದೆಹಲಿ, ಹರಿಯಾಣಗಳಲ್ಲಿಯೂ ನಡೆದ ಅಧ್ಯಯನ ಒಂದು ತೋರಿಸಿಕೊಟ್ಟಂತೆ, ಇಲ್ಲಿಯವರು ತಿನ್ನುವ ಉಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಬರುವುದು ಅಡಿಗೆಯ ಮನೆಯಲ್ಲಿ ಕೈಯಾರೆ ಹಾಕಿದ ಉಪ್ಪಿನಿಂದಲೇ. ಹೀಗಿರುವಾಗ ಅಂಗಡಿಯ ಪೊಟ್ಟಣವನ್ನು ಮಾತ್ರ ಬೈದು ಮನೆಯ ಮಡಕೆಯನ್ನು ಪೂಜಿಸುವುದು ಆತ್ಮವಂಚನೆಯಾದೀತು. ಉಪ್ಸಾರಿನ ಒಂದು ಬಟ್ಟಲಿನಲ್ಲಿ ಒಂದು, ಒಂದೂವರೆ ಗ್ರಾಂ ಉಪ್ಪು ಇದ್ದೇ ಇರುತ್ತದೆಂದು ನನ್ನ ಅಂದಾಜು. ತಟ್ಟೆಯ ಅಂಚಿನ ಉಪ್ಪಿನಕಾಯಿ ಇನ್ನೂ ತೀಕ್ಷ್ಣ: ಕೆಡದೆ ವರ್ಷ ಬಾಳಬೇಕಾದುದರಿಂದ ಅದರ ತೂಕದ ಹತ್ತನೆಯ ಒಂದು ಪಾಲಾದರೂ ಉಪ್ಪೇ ಆಗಿರುತ್ತದೆ. ಹಪ್ಪಳದಲ್ಲಿ ಉಪ್ಪೂ ಉಂಟು, ಉಪ್ಪೆಂದು ಕರೆಯಿಸಿಕೊಳ್ಳದ ಹಪ್ಪಳಖಾರವೂ ಉಂಟು. ಅದೂ ಸೋಡಿಯಮ್ಮಿನ ಕ್ಷಾರವೇ.

ಸೋಡಿಯಂ ಬೇರೆ, ಉಪ್ಪು ಬೇರೆ ಎಂಬ ಈ ಸೂಕ್ಷ್ಮವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಅಡಿಗೆ ಸೋಡಾದ ತೂಕದಲ್ಲಿ ಕಾಲು ಪಾಲಿಗಿಂತ ಹೆಚ್ಚು ಸೋಡಿಯಂ. ಗೋಬಿ ಮಂಚೂರಿಯ ಗಾಡಿಯವನು ಚಿಟಿಕೆ ಹಾಕುವ ಅಜಿನೊಮೊಟೊದಲ್ಲಿ ನೂರಕ್ಕೆ 12 ಪಾಲು. ಬಿಸ್ಕತ್ತನ್ನು ಉಬ್ಬಿಸುವುದು ಸೋಡಾ ಆದುದರಿಂದ, ಸಿಹಿಯೆಂದೇ ನಾವು ನಂಬಿ ಮಗುವಿನ ಕೈಗೆ ಕೊಡುವ ಗ್ಲೂಕೋಸ್ ಬಿಸ್ಕತ್ತಿನಲ್ಲಿಯೂ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿನ ಆಸುಪಾಸಿನಲ್ಲಿ ಸೋಡಿಯಂ ಇರುತ್ತದೆ. ಉಪವಾಸಕ್ಕೆ ಬಳಸುವ ಸೈಂಧವ ಲವಣ ನಿರಪಾಯವೆಂದು ನಂಬಿದವರೂ ಉಂಟು. ಅದು ಸಮುದ್ರದ ಬದಲು ಗಣಿಯಿಂದ ಬಂದ ಅದೇ ಸೋಡಿಯಂ ಕ್ಲೋರೈಡು. ಮೇಲಾಗಿ, ಬೇರೆಯಾಗಿ ಸೇರಿಸದ ಹೊರತು ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಬೆಟ್ಟದ ಸೀಮೆಗಳಲ್ಲಿ ಗಳಗಂಡದ ಕಾಟ ಹೆಚ್ಚಾಗಿದ್ದುದರಿಂದಲೇ 1962ರಲ್ಲಿ ಸರ್ಕಾರವು ಅಯೋಡಿನ್ ಉಪ್ಪಿನ ಕಾರ್ಯಕ್ರಮವನ್ನು ಆರಂಭಿಸಿತೆಂಬುದನ್ನು ಮರೆಯಬಾರದು. ಉಪ್ಪು ಕಡಿಮೆಯಾಗಲಿ, ಆದರೆ ಇರುವ ಉಪ್ಪು ಅಯೋಡಿನ್ ಉಪ್ಪೇ ಆಗಿರಲಿ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಶಾಲೆ ಬಿಟ್ಟ ಹೊತ್ತಿಗೆ ಊರ ಪೆಟ್ಟಿಗೆ ಅಂಗಡಿಯ ಮುಂದೆ ನಿಂತರೆ, ಮೇಲಿನಿಂದ ಜಡೆಯಂತೆ ಇಳಿಬಿದ್ದ ಪೊಟ್ಟಣದ ಸರಗಳನ್ನು ಕಾಣಬಹುದು: ಹಸುರು, ಕೆಂಪು, ನೀಲಿ, ಗಾಳಿ ತುಂಬಿ ಉಬ್ಬಿದವು. ದೊಡ್ಡವ್ವನ ಮೊಮ್ಮಗ ಐದು ರೂಪಾಯಿಯ ನಾಣ್ಯವನ್ನು ಕಟ್ಟೆಯ ಮೇಲಿಟ್ಟು, ಬೆರಳು ತೋರಿಸಿ, ಒಂದನ್ನು ಹರಿಸಿಕೊಂಡನು; ತಿಂದು ಮುಗಿಸಿ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದನು. ನಾನು ಸುಮ್ಮನಿರದೆ ಆ ಖಾಲಿ ಪೊಟ್ಟಣವನ್ನು ಕನ್ನಡಕದ ಹತ್ತಿರ ಹಿಡಿದೆ. ಅದರ ಮೇಲಿನ ಬರಹ ಕನ್ನಡದಲ್ಲಿಯೂ ಇಲ್ಲ, ತಮಿಳಿನಲ್ಲಿಯೂ ಇಲ್ಲ; ಇಂಗ್ಲಿಷಿನಲ್ಲಿ, ಎಳ್ಳಿನ ಗಾತ್ರದ ಅಕ್ಷರದಲ್ಲಿದೆ. ಲೆಕ್ಕ ಹಾಕಿ ನೋಡಿದರೆ ನನಗೇ ಆಶ್ಚರ್ಯವಾಯಿತು. ಇಂಥ ಪೊಟ್ಟಣದಲ್ಲಿರುವ ಚಿಪ್ಸು ಹೆಚ್ಚೆಂದರೆ 10ರಿಂದ 15 ಗ್ರಾಂ. ಅದರಿಂದ ಮಗುವಿಗೆ ದೊರೆತ ಸೋಡಿಯಂ ನೂರು ಮಿಲಿಗ್ರಾಮಿನ ಸುತ್ತಮುತ್ತ. ಬಾಯಿಗೆ ಅಷ್ಟು ಉಪ್ಪಾಗಿ ತೋರುವುದಕ್ಕೆ ಕಾರಣ, ಉಪ್ಪು ಮೇಲೆಯೇ ಉದುರಿದ್ದು ನಾಲಗೆಗೆ ಮೊದಲು ಅದೇ ತಾಕುವುದು. ಅದೇ ಅಂಗಡಿಯ ನೂಡಲ್ಸಿನ 70 ಗ್ರಾಮಿನ ಪೊಟ್ಟಣ ಇದಕ್ಕೆ ವಿರುದ್ಧ: ಹಿಟ್ಟಿನೊಳಗೂ ಮಸಾಲೆಯ ಚೀಟಿಯೊಳಗೂ ಹಂಚಿಹೋಗಿ, ಸಾಮಾನ್ಯವಾಗಿ 800ರಿಂದ 1,000 ಮಿಲಿಗ್ರಾಂ ಸೋಡಿಯಮ್ಮನ್ನು ಸದ್ದಿಲ್ಲದೆ ಒಯ್ದು ಮಗುವಿನ ಹೊಟ್ಟೆಗೆ ಇಳಿಸುತ್ತದೆ. ಮಳೆಗಾಲದ ಸಂಜೆ ತಾಯಿ ಎರಡು ನಿಮಿಷದಲ್ಲಿ ಮಾಡಿಕೊಟ್ಟ ಆ ಬಿಸಿ ತಟ್ಟೆಯ ಬಗ್ಗೆ ಯಾರಿಗೂ ಸಂದೇಹ ಬರುವುದಿಲ್ಲ. ಬೈಗುಳವೆಲ್ಲ ಚಿಪ್ಸಿನ ಪಾಲಿಗೆ.

ಪೊಟ್ಟಣದ ಬೆನ್ನಿನ ಲೆಕ್ಕದಲ್ಲಿ ಇನ್ನೊಂದು ಮೋಸವಿದೆ. ಮೋಸವೆನ್ನುವುದು ಕಠಿನವಾದರೆ ಮರೆವು ಎನ್ನೋಣ. 2020ರ ಲೇಬಲ್ ನಿಯಮಗಳ ಪ್ರಕಾರ, ಒಂದು ಸಲ ತಿನ್ನುವ ಪ್ರಮಾಣದಲ್ಲಿರುವ ಸೋಡಿಯಂ ದಿನದ ಮಿತಿಯ ಶೇಕಡಾ ಎಷ್ಟೆಂಬುದನ್ನು ತಯಾರಕರು ಅಚ್ಚುಹಾಕಬೇಕು. ಒಳ್ಳೆಯ ನಿಯಮ. ಆದರೆ ಆ ದಿನದ ಮಿತಿಯೆಂದರೆ 2,000 ಮಿಲಿಗ್ರಾಂ, ವಯಸ್ಕನದು. ಕಾರ್ಟೂನಿನ ಚಿತ್ರ ಹೊತ್ತು ಮಗುವನ್ನೇ ಕರೆಯುವ ಪೊಟ್ಟಣವೂ ಲೆಕ್ಕ ಹೇಳುವುದು ಅಪ್ಪನ ಹೊಟ್ಟೆಯದು. 900 ಮಿಲಿಗ್ರಾಮಿನ ನೂಡಲ್ಸಿಗೆ ಅದು ಶೇಕಡಾ 45 ಎನ್ನುತ್ತದೆ. ಐದು ವರ್ಷದವನಿಗೆ ಅದು ಮೂರರಲ್ಲಿ ಎರಡು ಪಾಲು.

ಎಲೆಕೋಸಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ತಾಳವಾಡಿಯ ಹೊಲದಲ್ಲಿ ನಿಂತ ನೂರು ಗ್ರಾಂ ಕೋಸಿನಲ್ಲಿ ಇಪ್ಪತ್ತು ಮಿಲಿಗ್ರಾಂ ಸೋಡಿಯಮ್ಮೂ ಇಲ್ಲ. ಆ ಕೋಸು ಲಾರಿಯೇರಿ ಪಟ್ಟಣಕ್ಕೆ ಹೋಗುತ್ತದೆ. ಅಲ್ಲಿ, ಹೆಸರಿಗೆ ಗೋಬಿಯಾದರೂ ಬಹುಪಾಲು ಕೋಸಿನಿಂದಲೇ ಮಾಡುವ ಮಂಚೂರಿಯ ಬಾಣಲೆಗೆ ಬಿದ್ದು, ಒಂದು ದೊಡ್ಡ ಚಮಚಕ್ಕೆ 900 ಮಿಲಿಗ್ರಾಂ ಸೋಡಿಯಮ್ಮಿರುವ ಸೋಯಾ ಸಾಸಿನಲ್ಲಿ ಮಿಂದು, ಉಪ್ಪು, ಅಜಿನೊಮೊಟೊಗಳನ್ನು ಹೊದ್ದು, ಸಂತೆಗೋ ಜಾತ್ರೆಗೋ ಪಟ್ಟಣಕ್ಕೆ ಬಂದ ರೈತನ ಮಗುವಿನ ಕೈಯ ದೊನ್ನೆಗೆ ಮರಳಿ ಬರುತ್ತದೆ. ತಾನು ಬೆಳೆದ ಕೋಸನ್ನು ಅಪ್ಪನೇ ಗುರುತಿಸಲಾರನು.

ಶಾಲೆಯ ಊಟವನ್ನು ನಾನು ಈ ದೂರಿನಲ್ಲಿ ಸೇರಿಸುವುದಿಲ್ಲ. 1982ರ ಜುಲೈ 1ರಂದು ಎಂ.ಜಿ.ಆರ್. ಸರ್ಕಾರ ಆರಂಭಿಸಿದ ಪೌಷ್ಟಿಕ ಊಟ, 2022ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ಮರುವರ್ಷ ವಿಸ್ತಾರಗೊಂಡ ಮುಂಜಾನೆಯ ಉಪಾಹಾರ, ಇವೆರಡೂ ಬೆಟ್ಟದ ಮಕ್ಕಳಿಗೆ ಮಾಡಿರುವ ಉಪಕಾರ ದೊಡ್ಡದು. ಹೊಲಗೆಲಸಕ್ಕೆ ಬೆಳಗಿನ ಜಾವವೇ ಹೊರಡುವ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ. ಮಧ್ಯಾಹ್ನದ ಮೊಟ್ಟೆಯಲ್ಲಿ ಹುಟ್ಟಿನಿಂದ ಬಂದ ಸೋಡಿಯಂ ಎಪ್ಪತ್ತು ಮಿಲಿಗ್ರಾಮಿನಷ್ಟು, ಅದು ಬೇಕಾದದ್ದೇ. ಉಪ್ಪಿಟ್ಟು, ಪೊಂಗಲ್, ಟೊಮೆಟೊ ಬಾತು ಮಾತ್ರ ಉಪ್ಪು ಬೆರೆತ ಅನ್ನಗಳ ವರ್ಗಕ್ಕೆ ಸೇರುತ್ತವೆಂಬುದಷ್ಟೇ ನನ್ನ ಮಾತು. ಅಡಿಗೆಯಾಕೆ ಒಂದು ಹಿಡಿ ಕಡಿಮೆ ಹಾಕಿದರೆ ನೂರು ಮಕ್ಕಳಿಗೆ ಒಮ್ಮೆಲೇ ಕಡಿಮೆಯಾಗುತ್ತದೆಂಬ ಅನುಕೂಲವೂ ಅಲ್ಲಿದೆ.

ಮಕ್ಕಳಲ್ಲಿಯೇ ಇದನ್ನು ಏಕೆ ನೋಡಬೇಕು, ರಕ್ತದೊತ್ತಡ ದೊಡ್ಡವರ ಕಾಯಿಲೆಯಲ್ಲವೆ ಎಂದು ಕೇಳುವವರುಂಟು. ಹುಟ್ಟಿದ ಶಿಶು ಉಪ್ಪನ್ನು ಬಯಸುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ. ನಾಲ್ಕು ತಿಂಗಳಾಗುವ ಹೊತ್ತಿಗೆ ಆ ರುಚಿ ಕಣ್ಣುಬಿಡುತ್ತದೆ, ಅನಂತರ ಉಣಿಸಿದಷ್ಟು ಬೆಳೆಯುತ್ತದೆ. ವರ್ಷ ತುಂಬುವವರೆಗೆ ಮಗುವಿನ ಆಹಾರಕ್ಕೆ ಉಪ್ಪು ಬೇಡವೆಂದು ವೈದ್ಯರು ಹೇಳುವುದು, ಎಳೆಯ ಮೂತ್ರಪಿಂಡ ಅದನ್ನು ಹೊರಹಾಕಲು ಇನ್ನೂ ಪಳಗಿಲ್ಲವೆಂಬ ಕಾರಣಕ್ಕೂ ಹೌದು, ನಾಲಗೆ ಪಳಗುವುದು ಬೇಡವೆಂಬ ಕಾರಣಕ್ಕೂ ಹೌದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನೀತಿಯ ಮಾತಾಗಿ ಬಳಕೆಯಲ್ಲಿದ್ದರೂ ಶರೀರಶಾಸ್ತ್ರದ ಮಾತಾಗಿಯೂ ಅಕ್ಷರಶಃ ನಿಜ: ರಕ್ತದಲ್ಲಿ ಸೋಡಿಯಂ ಏರಿದರೆ ಬಾಯಾರುತ್ತದೆ, ಕುಡಿದ ನೀರು ರಕ್ತವನ್ನು ಹಿಗ್ಗಿಸುತ್ತದೆ, ಹಿಗ್ಗಿದ ರಕ್ತ ನಾಳದ ಗೋಡೆಯನ್ನು ಒತ್ತುತ್ತದೆ. ಡಚ್ ವೈದ್ಯರು 476 ನವಜಾತ ಶಿಶುಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಆರು ತಿಂಗಳ ಕಾಲ ಕಡಿಮೆ ಸೋಡಿಯಮ್ಮಿನ ಆಹಾರ ಕೊಟ್ಟರು. ಆ ಶಿಶುಗಳ ರಕ್ತದೊತ್ತಡ ಮಿಕ್ಕವರಿಗಿಂತ ಎರಡು ಅಂಕ ಕಡಿಮೆಯಾಯಿತೆಂದು 1983ರಲ್ಲಿ ವರದಿ ಮಾಡಿದರು. ಹದಿನೈದು ವರ್ಷಗಳ ಮೇಲೆ, ಅವರಲ್ಲಿ ಸಿಕ್ಕಷ್ಟು ಜನರನ್ನು ಹುಡುಕಿ ಅಳೆದಾಗಲೂ ಆ ಅಂತರ ಅಳಿದಿರಲಿಲ್ಲ. ಆರು ತಿಂಗಳ ತುತ್ತನ್ನು ಮೈ ಹದಿನೈದು ವರ್ಷ ನೆನಪಿಟ್ಟುಕೊಂಡಿತು.

ಆ ರಾತ್ರಿ ಊಟದ ತರುವಾಯ ದೊಡ್ಡವ್ವನನ್ನು ಕೇಳಿದೆ, ಒಂದು ಕಿಲೋ ಉಪ್ಪು ಎಷ್ಟು ದಿನ ಬರುತ್ತದೆಂದು. "ಯಾರ್ ಲೆಕ್ಕ ಮಡಗವ್ರೆ ಮಗ? ಮುಗುದಾಗ ತರೋದು. ತಿಂಗ್ಳಿಗೆ ಎಲ್ಡು ಬೇಕಾಯ್ತದೆ." ಅವರು ನಕ್ಕರು. ನಾನು ಮೊಮ್ಮಗಳ ಸ್ಲೇಟನ್ನು ಕೇಳಿ ತೆಗೆದುಕೊಂಡು ಲೆಕ್ಕ ಬರೆದೆ. ಮೂವರು ದೊಡ್ಡವರಿಗೆ ಐದೈದು ಗ್ರಾಂ, ಹುಡುಗಿಗೆ ನಾಲ್ಕಕ್ಕೆ ಸ್ವಲ್ಪ ಮೇಲೆ, ಹುಡುಗನಿಗೆ ಮೂರೂವರೆ: ಒಟ್ಟು ದಿನಕ್ಕೆ 23 ಗ್ರಾಂ. ಅಂಗಡಿಯ ತಿನಿಸನ್ನು ಪೂರ್ತಿ ಬಿಟ್ಟರೂ ಆ ಮನೆಗೆ ಒಂದು ಕಿಲೋ 43 ದಿನ ಬರತಕ್ಕದ್ದು. ಹದಿನೈದು ದಿನಕ್ಕೆ ಒಂದು ಮುಗಿಯುತ್ತದೆಂದರೆ ತಲೆಗೆ 13 ಗ್ರಾಂ! ದನದ ಕಲಗಚ್ಚಿಗೆ ಬಿದ್ದದ್ದು, ತೊಳೆದು ಚೆಲ್ಲಿದ್ದು, ನೆಂಟರು ಉಂಡದ್ದು ಎಲ್ಲವನ್ನೂ ಕಳೆದರೂ ಇದು ಹೆಚ್ಚೇ. ದೇಶದ ವಯಸ್ಕರ ಸರಾಸರಿ ದಿನಕ್ಕೆ ಸುಮಾರು 8 ಗ್ರಾಮೆಂದು 2017-18ರ ರಾಷ್ಟ್ರೀಯ ಸಮೀಕ್ಷೆ ಕಂಡಿದೆ. ಅದೇ ಮಿತಿಯನ್ನು ಮೀರಿದ್ದು. ಸೊಸೆ ಒಳಗಿನಿಂದ ಒಂದು ಮಾತು ಸೇರಿಸಿದಳು: ನಡುವೆ ಸ್ವಲ್ಪ ಕಾಲ ಕಲ್ಲುಪ್ಪು ಬಿಟ್ಟು ಪುಡಿಯುಪ್ಪು ತಂದ ದಿನಗಳಲ್ಲಿ ಸಾರು ಬಹಳ ಸಲ ಉಪ್ಪಾಗುತ್ತಿತ್ತಂತೆ. ಆಗಲೇಬೇಕು. ಹರಳುಗಳ ನಡುವೆ ಗಾಳಿಯಿರುತ್ತದೆ, ಪುಡಿಯಲ್ಲಿ ಅಷ್ಟಿಲ್ಲ. ಅದೇ ಹಿಡಿ, ಹೆಚ್ಚು ತೂಕ. ಕೈಯ ಅಳತೆ ಒಂದು ಉಪ್ಪಿಗೆ ಕಲಿತದ್ದು, ಇನ್ನೊಂದಕ್ಕೆ ಸಲ್ಲಲಿಲ್ಲ.

ಚೀನಾದ ಶಾನ್ಶಿ ಪ್ರಾಂತದ ಚಾಂಗ್‌ಝಿ ನಗರದ 28 ಶಾಲೆಗಳಲ್ಲಿ ನಡೆದ ಒಂದು ಪ್ರಯೋಗವನ್ನು ನಾನು ಹುಡುಗಿಗೆ ಕಥೆಯಂತೆ ಹೇಳಿದೆ. ಅಲ್ಲಿ ಹತ್ತು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಉಪ್ಪಿನ ಪಾಠ ಹೇಳಿ, ಮನೆಯವರಿಗೆ ಅದನ್ನು ತಲುಪಿಸುವ ಕೆಲಸ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಾಠವಿಲ್ಲದ ಶಾಲೆಗಳಿಗೆ ಹೋಲಿಸಿದರೆ ಮಕ್ಕಳ ಉಪ್ಪು ದಿನಕ್ಕೆ 1.9 ಗ್ರಾಂ, ಮನೆಯ ದೊಡ್ಡವರದು 2.9 ಗ್ರಾಂ ಇಳಿಯಿತು. ಹುಡುಗಿ ಕಥೆಯನ್ನು ಕೇಳಿ ಏನೂ ಹೇಳಲಿಲ್ಲ. ಬೆಳಗ್ಗೆ ನೋಡಿದರೆ, ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದಿದ್ದಳು. ಹೊಸ ಪೊಟ್ಟಣ ಒಡೆದ ದಿನ.

ಮೂರು ವಾರಗಳ ಮೇಲೆ ಫೋನಿನಲ್ಲಿ ವಿಚಾರಿಸಿದೆ. "ಹತ್ತೊಂಬತ್ತು ಗೆರೆ ಆಗಿತ್ತು ಚಿಕ್ಕಪ್ಪ, ಇನ್ನೂ ಅರ್ಧ ಇತ್ತು. ಅಜ್ಜಿ ನಿಂಬೆಹಣ್ಣಿನ ಉಪ್ಪಿನಕಾಯಿಗೆ ಅದ್ರಲ್ಲೇ ಎಲ್ಡು ಹಿಡಿ ತಕ್ಕೊಂಬುಟ್ಳು." ಲೆಕ್ಕ ಕೆಟ್ಟಿತು. ಗೋಡೆಯನ್ನು ಒರಸಿ, ಮತ್ತೊಂದು ಪೊಟ್ಟಣವನ್ನು ಅಜ್ಜಿಗೆ ಕಾಣದ ಕಡೆ ಇಟ್ಟು, ಮೊದಲ ಗೆರೆಯಿಂದ ಆರಂಭಿಸಿದ್ದಾಳಂತೆ.